ಸಸ್ಪೆಂಡ್ ಆದ ಐದು ದಿನ: ಓದು ಎಲ್ಲಿ ತಪ್ಪುತ್ತದೆ, ಮತ್ತೆ ಹಳಿಗೆ ಹೇಗೆ ತರುವುದು

ಸಸ್ಪೆನ್ಷನ್ ಆದೇಶ ಬಂದ ದಿನ ಎಲ್ಲರ ಗಮನವೂ ತಪ್ಪಿನ ಮೇಲೆಯೇ ಇರುತ್ತದೆ. ಯಾರು ಮೊದಲು ಕೈ ಎತ್ತಿದರು, ಮೇಷ್ಟ್ರಿಗೆ ಏನೆಂದು ಎದುರುತ್ತರ ಕೊಟ್ಟ, ಫೋನು ಯಾರ ಬ್ಯಾಗಿನಲ್ಲಿ ಸಿಕ್ಕಿತು ಎಂಬ ವಿಚಾರಣೆ ಮುಗಿಯುವಷ್ಟರಲ್ಲಿ ಕೊನೆಯ ಬೆಲ್ ಹೊಡೆದಿರುತ್ತದೆ. ಮಗು ಮನೆಗೆ ಹೋಗಿರುತ್ತದೆ. ಮುಂದಿನ ಐದು ದಿನದ ಪಾಠದ ಗತಿಯೇನು ಎಂದು ಯಾರೂ ಕೇಳಿರುವುದಿಲ್ಲ. ಸಸ್ಪೆಂಡ್ ಆದ ಮಕ್ಕಳನ್ನು ಮತ್ತೆ ತರಗತಿಗೆ ಕೂಡಿಸುವ ಕೆಲಸ ಮಾಡುವ ನಮಗೆ ಕೆಲಸ ಶುರುವಾಗುವುದೇ ಅಲ್ಲಿಂದ. ಕೊಟ್ಟ ಶಿಕ್ಷೆ ಸರಿಯೇ ಎಂಬ ಚರ್ಚೆ ನಡೆಯಬೇಕಾದ್ದೇ, ನಡೆಯಲಿ. ಆದರೆ ಅದು ಮುಗಿಯುವವರೆಗೆ ಪಾಠ ನಿಂತು ಕಾಯುವುದಿಲ್ಲ. ಆದೇಶ ಕೈಗೆ ಬಂದ ಗಳಿಗೆಯಿಂದ ಮಗು ಮರಳಿ ಬಂದ ಆರನೇ ವಾರದವರೆಗೆ ಏನೇನು ಆಗುತ್ತದೆ, ಎಲ್ಲಿ ಎಡವಟ್ಟಾಗುತ್ತದೆ, ಏನು ಮಾಡಿದರೆ ನಷ್ಟ ಕಡಿಮೆಯಾಗುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಆದೇಶದ ಪತ್ರವನ್ನು ಪೂರ್ತಿ ಓದುತ್ತೇವೆ. ಯಾವ ನಿಯಮ ಮುರಿದದ್ದು, ಎಂದಿನಿಂದ ಎಂದಿನವರೆಗೆ ಸಸ್ಪೆನ್ಷನ್, ಮರಳಿ ಬರಬೇಕಾದ ದಿನ ಯಾವುದು, ಆ ಅವಧಿಯ ಪಾಠ ಮತ್ತು ಟೆಸ್ಟ್‌ಗಳಿಗೆ ಏನು ವ್ಯವಸ್ಥೆ, ಮೇಲ್ಮನವಿ ಯಾರಿಗೆ ಸಲ್ಲಿಸಬೇಕು ಎಂಬುದೆಲ್ಲ ಅದರಲ್ಲಿ ಇರಬೇಕು. ಮೊದಲ ಮೂರು ವಿಷಯ ಸಾಮಾನ್ಯವಾಗಿ ಇರುತ್ತವೆ. ಪಾಠದ ವ್ಯವಸ್ಥೆಯ ಬಗ್ಗೆ ಒಂದು ಸಾಲು ಇರುವುದು ಅಪರೂಪ. ಅದಿಲ್ಲದಿದ್ದರೆ ಅದೇ ದಿನ ಕೇಳಿ ಬರೆಸಿಕೊಳ್ಳಬೇಕು. ‘ಮುಂದಿನ ಆದೇಶದವರೆಗೆ’ ಎಂದು ಬರೆದ ಪತ್ರ ಎಲ್ಲಕ್ಕಿಂತ ಕೆಟ್ಟದ್ದು. ಮುಗಿಯುವ ದಿನ ಗೊತ್ತಿಲ್ಲದ ಸಸ್ಪೆನ್ಷನ್‌ಗೆ ಯಾವ ಶಿಕ್ಷಕರೂ ಪಾಠದ ಯೋಜನೆ ಹಾಕಲಾರರು, ಮಗುವೂ ಪುಸ್ತಕ ತೆರೆಯುವುದಿಲ್ಲ. ದಿನಾಂಕವನ್ನು ಲಿಖಿತವಾಗಿ ಕೇಳಿದಾಗ ಹೆಚ್ಚಿನ ಕಡೆ ಕೊಡುತ್ತಾರೆ.

ಮಗುವಿನ ಮಾತನ್ನು ಕೇಳದೆ ಆದೇಶ ಹೊರಟಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ. ಅಮೆರಿಕದ ಸುಪ್ರೀಂ ಕೋರ್ಟ್ 1975ರಲ್ಲಿ ಗಾಸ್ ಮತ್ತು ಲೋಪೆಜ್ ಪ್ರಕರಣದಲ್ಲಿ ಹತ್ತು ದಿನ ಅಥವಾ ಅದಕ್ಕಿಂತ ಕಡಿಮೆ ಅವಧಿಯ ಸಸ್ಪೆನ್ಷನ್‌ಗೂ ಒಂದು ಕನಿಷ್ಠ ಕ್ರಮ ಹಾಕಿಕೊಟ್ಟಿತು: ಆರೋಪ ಏನೆಂದು ತಿಳಿಸಬೇಕು, ವಿದ್ಯಾರ್ಥಿ ಒಪ್ಪದಿದ್ದರೆ ಸಾಕ್ಷ್ಯ ಏನಿದೆ ಎಂದು ಹೇಳಬೇಕು, ಅವನ ಕಡೆಯ ಮಾತು ಹೇಳಲು ಅವಕಾಶ ಕೊಡಬೇಕು. ಇಂಗ್ಲೆಂಡಿನಲ್ಲಿ ಒಂದು ಶೈಕ್ಷಣಿಕ ವರ್ಷದಲ್ಲಿ ಎಲ್ಲ ಸೇರಿ 45 ಶಾಲಾ ದಿನಗಳಿಗಿಂತ ಹೆಚ್ಚು ಸಸ್ಪೆಂಡ್ ಮಾಡುವಂತಿಲ್ಲ. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್, ಪ್ರಾಥಮಿಕ ಶಿಕ್ಷಣ (8ನೇ ತರಗತಿ) ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ತೆಗೆದುಹಾಕುವುದನ್ನು ನಿಷೇಧಿಸುತ್ತದೆ. ನಿಯಮ ಯಾವ ದೇಶದ್ದೇ ಇರಲಿ, ತನ್ನ ಮಾತು ಕೇಳಿದರು ಎಂದು ಅನಿಸಿದ ಮಗು ಮರಳಿ ಬಂದು ಕೂರುವ ರೀತಿಯೇ ಬೇರೆ ಎಂಬುದನ್ನು ನಾವು ಖಚಿತವಾಗಿ ಹೇಳಬಲ್ಲೆವು.

ಪತ್ರವೇ ಇಲ್ಲದ ಸಸ್ಪೆನ್ಷನ್ ಇನ್ನೊಂದು ಬಗೆ. ‘ಇವತ್ತು ಕರೆದುಕೊಂಡು ಹೋಗಿ, ನಾಲ್ಕು ದಿನ ಬಿಟ್ಟು ಕಳಿಸಿ’ ಎಂದು ಫೋನಿನಲ್ಲಿ ಹೇಳಿ ಮುಗಿಸುವುದು. ಮಗುವಿನ ಹೆಸರಿಗೆ ಕಪ್ಪುಚುಕ್ಕೆ ಬರಲಿಲ್ಲವಲ್ಲ ಎಂದು ಪೋಷಕರು ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ದಾಖಲೆಯಲ್ಲಿ ಅದು ಬರೀ ಗೈರುಹಾಜರಿಯಾಗಿ ಉಳಿಯುತ್ತದೆ. ತಪ್ಪಿದ ಪಾಠಕ್ಕೆ ಶಾಲೆ ಹೊಣೆಯಲ್ಲ, ತಪ್ಪಿದ ಟೆಸ್ಟ್‌ಗೆ ಕಾರಣ ತೋರಿಸುವಂತಿಲ್ಲ, ಮೇಲ್ಮನವಿಗೆ ದಾರಿಯಿಲ್ಲ. ಇಂಗ್ಲೆಂಡಿನಲ್ಲಿ ಹೀಗೆ ಅನಧಿಕೃತವಾಗಿ ಮನೆಗೆ ಕಳಿಸುವುದು ಕಾನೂನುಬಾಹಿರ. ಬೇರೆಡೆ ಇಂಥ ಸಂದರ್ಭ ಬಂದರೆ, ‘ನೀವು ಫೋನಿನಲ್ಲಿ ಹೇಳಿದಂತೆ ಇಂಥ ದಿನದಿಂದ ಇಂಥ ದಿನದವರೆಗೆ ಮಗುವನ್ನು ಕಳಿಸುತ್ತಿಲ್ಲ’ ಎಂದು ಒಂದು ಸಾಲಿನ ಪತ್ರ ಅಥವಾ ಮೆಸೇಜ್ ಕಳಿಸಿ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಪಾಠದ ಲೆಕ್ಕ. 180 ದಿನದ ಶಾಲಾ ವರ್ಷದಲ್ಲಿ ಐದು ದಿನ ಎಂದರೆ ಶೇ 3ಕ್ಕಿಂತ ಕಡಿಮೆ. ಜ್ವರ ಬಂದರೂ ಅಷ್ಟು ದಿನ ತಪ್ಪುತ್ತದೆ, ಇಷ್ಟಕ್ಕೆ ಯಾಕೆ ಗಾಬರಿ ಎಂದು ಕೇಳುವವರಿದ್ದಾರೆ. ಜ್ವರ ಬಂದ ಮಗುವಿಗೆ ಗೆಳೆಯರು ನೋಟ್ಸ್ ಕೊಡುತ್ತಾರೆ, ಟೀಚರ್ ‘ಹೇಗಿದ್ದೀಯಪ್ಪಾ?’ ಎಂದು ಕೇಳಿ ತಪ್ಪಿದ ಟೆಸ್ಟನ್ನು ಇನ್ನೊಮ್ಮೆ ಕೊಡುತ್ತಾರೆ. ಸಸ್ಪೆಂಡ್ ಆದ ಮಗು ನೋಟ್ಸ್ ಕೇಳಲು ನಾಚುತ್ತದೆ, ಟೀಚರ್ ಮುಖ ನೋಡಲು ಹಿಂಜರಿಯುತ್ತದೆ. ದಿನಕ್ಕೆ ಆರು ಪೀರಿಯಡ್ ಎಂದರೂ ಮೂವತ್ತು ಪೀರಿಯಡ್ ಹೋಯಿತು. ಆ ಮೂವತ್ತರಲ್ಲಿ ಎಲ್ಲವೂ ಒಂದೇ ತೂಕದವಲ್ಲ. ಭಾಷೆಯ ಒಂದು ಪದ್ಯ ತಪ್ಪಿದರೆ ಮುಂದಿನ ಗದ್ಯಪಾಠಕ್ಕೆ ತೊಂದರೆಯಿಲ್ಲ. ಇತಿಹಾಸದ ಒಂದು ಅಧ್ಯಾಯವನ್ನು ಮನೆಯಲ್ಲಿ ಓದಿಕೊಳ್ಳಬಹುದು. ಗಣಿತದಲ್ಲಿ ಹಾಗಾಗುವುದಿಲ್ಲ.

ಸರಳ ಸಮೀಕರಣಗಳ ಒಂದು ವಾರವನ್ನೇ ನೋಡೋಣ. ಸೋಮವಾರ 3ಎಕ್ಸ್ + 5 = 20 ಎಂಬಂಥ ಲೆಕ್ಕ. ಮಂಗಳವಾರ ಎರಡೂ ಕಡೆ ಎಕ್ಸ್ ಬರುವ 5ಎಕ್ಸ್ − 7 = 2ಎಕ್ಸ್ + 8. ಬುಧವಾರ ಆವರಣ ಬಿಡಿಸುವುದು, ಗುರುವಾರ ಭಿನ್ನರಾಶಿ, ಶುಕ್ರವಾರ ವಾಕ್ಯರೂಪದ ಲೆಕ್ಕ. ಸೋಮವಾರ ಪಾಠ ಕೇಳಿ ಮಂಗಳವಾರದಿಂದ ಸಸ್ಪೆಂಡ್ ಆದ ಹುಡುಗ ಮುಂದಿನ ಮಂಗಳವಾರ ಬಂದು ಕೂತಾಗ ಬೋರ್ಡಿನ ಮೇಲೆ ತಂದೆ–ಮಗನ ವಯಸ್ಸಿನ ಲೆಕ್ಕ ಇರುತ್ತದೆ. ಅವನು ಸಮೀಕರಣವನ್ನು ಸರಿಯಾಗಿಯೇ ಬರೆಯುತ್ತಾನೆ. ಆಮೇಲೆ ಬಲಗಡೆಯ 2ಎಕ್ಸ್ ಅನ್ನು ಚಿಹ್ನೆ ಬದಲಿಸದೆ ಎಡಕ್ಕೆ ತಂದು 7ಎಕ್ಸ್ ಎಂದು ಬರೆಯುತ್ತಾನೆ. ಉತ್ತರ ತಪ್ಪು. ಟೀಚರ್ ಕಣ್ಣಿಗೆ ಅದು ‘ವಾಕ್ಯರೂಪದ ಲೆಕ್ಕ ಬರುವುದಿಲ್ಲ’ ಎಂದು ಕಾಣುತ್ತದೆ, ಅಂಥದೇ ಇನ್ನೂ ಹತ್ತು ಲೆಕ್ಕ ಕೊಡುತ್ತಾರೆ. ಹತ್ತೂ ತಪ್ಪುತ್ತವೆ. ನಿಜವಾಗಿ ತಪ್ಪಿದ್ದು ಒಂದೇ ಒಂದು ಮಂಗಳವಾರದ ನಲವತ್ತು ನಿಮಿಷ. ಅದನ್ನು ಯಾರಾದರೂ ಹದಿನೈದು ನಿಮಿಷ ಪಕ್ಕದಲ್ಲಿ ಕೂತು ತೋರಿಸಿದರೆ ಉಳಿದದ್ದು ತಾನಾಗಿ ದಾರಿಗೆ ಬರುತ್ತದೆ. ತೋರಿಸದಿದ್ದರೆ ಎರಡು ತಿಂಗಳ ನಂತರ ಎರಡು ಚರಾಕ್ಷರಗಳ ಸಮೀಕರಣ ಬಂದಾಗ ಆ ಮಗು ಪೂರ್ತಿ ಕೈಚೆಲ್ಲಿ ಕೂರುತ್ತದೆ. ಅಷ್ಟರಲ್ಲಿ ಸಸ್ಪೆನ್ಷನ್‌ಗೂ ಇದಕ್ಕೂ ಸಂಬಂಧವಿದೆ ಎಂಬುದು ಯಾರಿಗೂ ನೆನಪಿರುವುದಿಲ್ಲ.

ಆದ್ದರಿಂದ ಮೊದಲ ದಿನ ಎಲ್ಲ ವಿಷಯದ ಎಲ್ಲ ಪಾಠವನ್ನೂ ಹೊರಿಸಲು ಹೋಗಬಾರದು. ಪ್ರತಿ ವಿಷಯದ ಶಿಕ್ಷಕರನ್ನು ನಾವು ಕೇಳುವುದು ಒಂದೇ ಪ್ರಶ್ನೆ: ಈ ಐದು ದಿನದಲ್ಲಿ ಯಾವುದು ಬಾರದಿದ್ದರೆ ಮುಂದಿನ ತಿಂಗಳ ಪಾಠ ಅರ್ಥವಾಗುವುದಿಲ್ಲ? ಗಣಿತದಲ್ಲಿ ಎರಡೋ ಮೂರೋ ಅಂಶ ಹೇಳುತ್ತಾರೆ, ವಿಜ್ಞಾನದಲ್ಲಿ ಒಂದೋ ಎರಡೋ, ವ್ಯಾಕರಣದಲ್ಲಿ ಒಂದು. ಅಷ್ಟನ್ನೇ ಹಿಡಿದು ಕೆಲಸದ ಕಟ್ಟು ಕಟ್ಟುತ್ತೇವೆ. ಒಂದು ಅಂಶಕ್ಕೆ ಒಂದು ಹಾಳೆ: ಮೇಲೆ ಬಿಡಿಸಿ ತೋರಿಸಿದ ಎರಡು ಉದಾಹರಣೆ, ಕೆಳಗೆ ಐದಾರು ಪ್ರಶ್ನೆ, ಕೊನೆಯಲ್ಲಿ ‘ಇದನ್ನು ಹೇಗೆ ಮಾಡಿದೆ ಎಂದು ನಿನ್ನ ಮಾತಿನಲ್ಲಿ ಬರೆ’ ಎಂಬ ಒಂದು ಪ್ರಶ್ನೆ. ಆ ಕೊನೆಯ ಪ್ರಶ್ನೆ ಇರಲೇಬೇಕು. ಉತ್ತರ ಬೇರೆಯವರಿಂದ ಬರೆಸಿಕೊಂಡದ್ದೋ ತಾನೇ ಮಾಡಿದ್ದೋ ಎಂಬುದು ಅಲ್ಲೇ ತಿಳಿಯುತ್ತದೆ. ದಿನಕ್ಕೆ ಮೂರು ಹಾಳೆ, ಒಟ್ಟು ಎರಡು ಗಂಟೆಯ ಕೆಲಸ. ಇದಕ್ಕಿಂತ ಹೆಚ್ಚು ಕೊಟ್ಟಾಗ ಮಕ್ಕಳು ಒಂದನ್ನೂ ಮುಟ್ಟುವುದಿಲ್ಲ.

ಈ ಕಟ್ಟು ಕೆಲಸಕ್ಕೆ ಬಾರದೆ ಹೋಗುವುದು ಕೆಲವೇ ಕಾರಣಗಳಿಂದ, ಅವು ಎಲ್ಲ ಕಡೆಯೂ ಒಂದೇ. ಕಟ್ಟು ಮೂರನೇ ದಿನ ಮನೆ ಸೇರುತ್ತದೆ. ಅಷ್ಟರಲ್ಲಿ ರಜೆಯ ಮನಸ್ಸು ಕೂತಿರುತ್ತದೆ. ‘ಪುಟ 42ರಿಂದ 60ರವರೆಗೆ ಓದಿ ಬರೆಯುವುದು’ ಎಂಬಂಥ ಕೆಲಸ ಕೊಟ್ಟಿರುತ್ತಾರೆ. ಅದು ಪಾಠವೇ ಅಲ್ಲ. ಪಠ್ಯಪುಸ್ತಕ ಶಾಲೆಯ ಡೆಸ್ಕಿನಲ್ಲೇ ಉಳಿದಿರುತ್ತದೆ. ಗಲಾಟೆಯ ದಿನ ಬ್ಯಾಗ್ ತುಂಬಿಕೊಳ್ಳಲು ಯಾರೂ ಬಿಟ್ಟಿರುವುದಿಲ್ಲ. ಶಾಲೆಯ ಆನ್‌ಲೈನ್ ತರಗತಿಯ ಲಾಗಿನ್ ಅನ್ನೂ ಶಿಕ್ಷೆಯ ಭಾಗವಾಗಿ ಬಂದ್ ಮಾಡಿರುತ್ತಾರೆ; ಇದನ್ನು ಮೊದಲ ಸಂಜೆಯೇ ಪರೀಕ್ಷಿಸಿ ತೆರೆಸಿಕೊಳ್ಳಬೇಕು. ಇವೆಲ್ಲಕ್ಕಿಂತ ದೊಡ್ಡದು, ಮಾಡಿದ ಕೆಲಸವನ್ನು ಯಾರೂ ತಿದ್ದುವುದಿಲ್ಲ ಎಂಬುದು. ಇಂಗ್ಲೆಂಡಿನ ನಿಯಮ ಇಲ್ಲಿ ಸ್ಪಷ್ಟವಾಗಿದೆ: ಮೊದಲ ಐದು ಶಾಲಾ ದಿನಗಳಿಗೆ ಶಾಲೆ ಕೆಲಸ ಕೊಡುವುದಲ್ಲದೆ ಅದನ್ನು ತಿದ್ದಲೂ ಬೇಕು, ಆರನೇ ದಿನದಿಂದ ಪೂರ್ಣಾವಧಿಯ ಬದಲಿ ಶಿಕ್ಷಣ ಒದಗಿಸಬೇಕು. ತಿದ್ದಿದ ಹಾಳೆ ಕೈಗೆ ಬಂದ ಮಗು ಮುಂದಿನ ಹಾಳೆ ಬರೆಯುತ್ತದೆ. ಎರಡನೇ ದಿನ ಮತ್ತು ನಾಲ್ಕನೇ ದಿನ ಒಬ್ಬರೇ ಶಿಕ್ಷಕರು ಹತ್ತು ನಿಮಿಷ ಫೋನ್ ಮಾಡಿ ಹಾಳೆಯ ಬಗ್ಗೆ ಮಾತ್ರ ಮಾತಾಡುವ ಏರ್ಪಾಟು ಎಲ್ಲಕ್ಕಿಂತ ಚೆನ್ನಾಗಿ ನಡೆಯುತ್ತದೆ. ಆ ಹತ್ತು ನಿಮಿಷದಲ್ಲಿ ತಪ್ಪಿನ ಸುದ್ದಿ ಎತ್ತಬಾರದು.

ಮನೆಯಲ್ಲಿನ ದಿನಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎಂದಿನ ಹೊತ್ತಿಗೆ ಏಳುವುದು, ಶಾಲೆಯ ಮೊದಲ ಎರಡು ಪೀರಿಯಡ್ ನಡೆಯುವ ಹೊತ್ತಿನಲ್ಲೇ ಹಾಳೆ ಮುಗಿಸುವುದು, ಇಷ್ಟು ಉಳಿಸಿಕೊಂಡರೆ ಸಾಕು. ಎರಡನೇ ರಾತ್ರಿಯಿಂದಲೇ ನಿದ್ದೆಯ ಹೊತ್ತು ಜಾರುತ್ತದೆ. ಮರಳಿ ಹೋಗುವ ದಿನ ಬೆಳಿಗ್ಗೆ ಏಳಲಾಗದೆ ಅಂದೂ ಶಾಲೆ ತಪ್ಪಿಸಿದವರು ಬಹಳ. ಮನೆಯಲ್ಲಿ ಹಗಲು ದೊಡ್ಡವರು ಯಾರೂ ಇರುವುದಿಲ್ಲ ಎಂದಾದರೆ ಅದನ್ನು ಆದೇಶದ ದಿನವೇ ಹೇಳಬೇಕು. ಶಾಲೆಯೊಳಗೇ ಬೇರೆ ಕೋಣೆಯಲ್ಲಿ ಕೂರಿಸುವ ಸಸ್ಪೆನ್ಷನ್ ಆಗ ಮೇಲು. ಅದಕ್ಕೂ ಒಂದು ಷರತ್ತು: ದಿನಕ್ಕೊಮ್ಮೆಯಾದರೂ ವಿಷಯದ ಶಿಕ್ಷಕರು ಆ ಕೋಣೆಗೆ ಬಂದುಹೋಗಬೇಕು. ಇಲ್ಲದಿದ್ದರೆ ಮಗು ಗೋಡೆ ನೋಡುತ್ತಾ ಕೂರುತ್ತದೆ. ಹಾಜರಾತಿ ಪುಸ್ತಕದಲ್ಲಿ ಹಾಜರ್ ಎಂದಿರುವುದರಿಂದ ಪಾಠ ತಪ್ಪಿದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಇಷ್ಟೆಲ್ಲ ಒತ್ತಿ ಹೇಳುವುದಕ್ಕೆ ಅಂಕಿ–ಅಂಶಗಳ ಬಲವೂ ಇದೆ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ 7ನೇ ತರಗತಿಯ ಸುಮಾರು 10 ಲಕ್ಷ ಮಕ್ಕಳನ್ನು ಕನಿಷ್ಠ ಆರು ವರ್ಷ ದಾಖಲೆಗಳ ಮೂಲಕ ಹಿಂಬಾಲಿಸಿದ ವರದಿಯೊಂದು 2011ರಲ್ಲಿ ಬಂತು. 7ರಿಂದ 12ನೇ ತರಗತಿಯೊಳಗೆ ಸುಮಾರು ಶೇ 60 ಮಂದಿ ಒಮ್ಮೆಯಾದರೂ ಸಸ್ಪೆಂಡ್ ಆಗಿದ್ದರು ಅಥವಾ ಹೊರಹಾಕಲ್ಪಟ್ಟಿದ್ದರು. ಕಾನೂನಿನ ಪ್ರಕಾರ ಕಡ್ಡಾಯವಾಗಿ ಹೊರಗಿಡಲೇಬೇಕಾದ ತಪ್ಪುಗಳಿಗಾಗಿ ಕೈಗೊಂಡ ಕ್ರಮ ಶೇ 3 ಮಾತ್ರ. ಉಳಿದದ್ದೆಲ್ಲ ಶಾಲೆಯ ವಿವೇಚನೆಗೆ ಬಿಟ್ಟದ್ದು. ಹೀಗೆ ಶಿಕ್ಷೆಗೆ ಒಳಗಾದವರಲ್ಲಿ ಸುಮಾರು ಶೇ 31 ಮಂದಿ ಒಂದು ತರಗತಿಯಲ್ಲಾದರೂ ಮತ್ತೆ ಕೂತರು. ಯಾವ ಶಿಕ್ಷೆಯೂ ಇಲ್ಲದವರಲ್ಲಿ ಇದು ಶೇ 5. ಫ್ಲಾರಿಡಾದಲ್ಲಿ 9ನೇ ತರಗತಿಯ ಮಕ್ಕಳ ಬಗ್ಗೆ ರಾಬರ್ಟ್ ಬಾಲ್ಫಾನ್ಜ್ ಮತ್ತು ಸಂಗಡಿಗರು ಮಾಡಿದ ಅಧ್ಯಯನದಲ್ಲಿ, ಆ ವರ್ಷ ಒಮ್ಮೆಯೂ ಸಸ್ಪೆಂಡ್ ಆಗದವರಲ್ಲಿ ಶಾಲೆ ಬಿಟ್ಟವರು ಶೇ 16, ಒಮ್ಮೆ ಆದವರಲ್ಲಿ ಶೇ 32.

ಈ ಅಂಕಿಗಳನ್ನು ಹಿಡಿದುಕೊಂಡು ‘ಸಸ್ಪೆನ್ಷನ್‌ನಿಂದಲೇ ಹೀಗಾಯಿತು’ ಎನ್ನುವುದು ಸುಲಭ. ಅದು ಪೂರ್ತಿ ಸರಿಯಲ್ಲ. ಸಸ್ಪೆಂಡ್ ಆಗುವ ಮಕ್ಕಳಲ್ಲಿ ಅನೇಕರು ಅದಕ್ಕೂ ಮೊದಲೇ ಓದಿನಲ್ಲಿ ಹಿಂದೆ ಬಿದ್ದಿರುತ್ತಾರೆ, ಮನೆಯ ಕಷ್ಟ ಇರುತ್ತದೆ, ಹಾಜರಾತಿ ಕಡಿಮೆ ಇರುತ್ತದೆ. ಇವನ್ನೆಲ್ಲ ಬೇರ್ಪಡಿಸಿ ನೋಡಿದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಫಿಲಡೆಲ್ಫಿಯಾದ ಶಾಲಾ ಆಡಳಿತ 2012–13ರಲ್ಲಿ ಸಣ್ಣಪುಟ್ಟ ತಪ್ಪುಗಳಿಗೆ ಸಸ್ಪೆಂಡ್ ಮಾಡುವುದನ್ನು ನಿಷೇಧಿಸಿತು. ಆ ಬದಲಾವಣೆಯನ್ನು ಬಳಸಿಕೊಂಡು ಲೆಕ್ಕ ಹಾಕಿದಾಗ ಸಸ್ಪೆನ್ಷನ್ ಗಣಿತ ಮತ್ತು ಓದಿನ ಅಂಕಗಳನ್ನು ತಗ್ಗಿಸುತ್ತದೆ ಎಂದು ಕಂಡಿತು. ಅರ್ಕನ್ಸಾಸ್ ರಾಜ್ಯದ ಅಧ್ಯಯನವೊಂದರಲ್ಲಿ ಅಂಕಗಳ ಮೇಲೆ ಅಂಥ ಕೆಟ್ಟ ಪರಿಣಾಮ ಕಾಣಲಿಲ್ಲ. ನಾರ್ತ್ ಕ್ಯಾರೊಲಿನಾದ ಷಾರ್ಲಟ್ ಪ್ರದೇಶದಲ್ಲಿ 2002ರಲ್ಲಿ ಶಾಲಾ ಗಡಿಗಳನ್ನು ಮತ್ತೆ ಎಳೆದಾಗ ಒಂದೇ ಬಗೆಯ ಮಕ್ಕಳು ಬೇರೆ ಬೇರೆ ಶಾಲೆಗಳಿಗೆ ಹಂಚಿಹೋದರು. ಹೆಚ್ಚು ಸಸ್ಪೆಂಡ್ ಮಾಡುವ ಶಾಲೆಗೆ ಬಿದ್ದವರು ದೊಡ್ಡವರಾದ ಮೇಲೆ ಬಂಧನ, ಜೈಲು ಕಾಣುವ ಸಾಧ್ಯತೆ ಶೇ 15ರಿಂದ 20ರಷ್ಟು ಹೆಚ್ಚಿತ್ತು, ನಾಲ್ಕು ವರ್ಷದ ಕಾಲೇಜಿಗೆ ಸೇರುವ ಸಾಧ್ಯತೆ ಕಡಿಮೆಯಿತ್ತು. ನಮ್ಮ ತಿಳುವಳಿಕೆಗೆ ಇವೆಲ್ಲ ಒಂದಕ್ಕೊಂದು ಹೊಂದುತ್ತವೆ. ತಪ್ಪಿದ ದಿನಗಳಷ್ಟೇ ಮಾಡುವ ಹಾನಿ ಚಿಕ್ಕದು. ಮಗುವಿಗೂ ಶಾಲೆಗೂ ನಡುವಿನ ಎಳೆ ಕಡಿದುಹೋದರೆ ಆಗುವ ಹಾನಿ ದೊಡ್ಡದು, ಅದು ಮುಂದಿನ ಟೆಸ್ಟಿನಲ್ಲಿ ಕಾಣದೆ ವರ್ಷಗಳ ನಂತರ ಕಾಣಬಹುದು. ಆ ಎಳೆಯನ್ನು ಉಳಿಸಿಕೊಳ್ಳುವುದು ಮರಳಿ ಬರುವ ದಿನಗಳಲ್ಲಿ.

ಇನ್ನೊಂದು ವಿಷಯ, ಇದನ್ನು ಶಿಕ್ಷಕರ ಕೊಠಡಿಯಲ್ಲಿ ಹೇಳಿದಾಗ ನಂಬುವವರು ಕಡಿಮೆ. ‘ತುಂಟರನ್ನು ಹೊರಗಿಟ್ಟರೆ ಉಳಿದವರಾದರೂ ಓದುತ್ತಾರೆ’ ಎಂಬುದು ಸಸ್ಪೆನ್ಷನ್ ಪರವಾಗಿ ಕೇಳಿಬರುವ ಮುಖ್ಯ ಮಾತು. ಬ್ರಿಯಾ ಪೆರ್ರಿ ಮತ್ತು ಎಡ್ವರ್ಡ್ ಮಾರಿಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನ, ಅತಿಯಾಗಿ ಸಸ್ಪೆಂಡ್ ಮಾಡುವ ಶಾಲೆಗಳಲ್ಲಿ ಒಮ್ಮೆಯೂ ಸಸ್ಪೆಂಡ್ ಆಗದ ಮಕ್ಕಳ ಅಂಕಗಳೂ ಕಾಲಕ್ರಮದಲ್ಲಿ ಇಳಿಯುತ್ತವೆ ಎಂದು ತೋರಿಸಿತು. ಹೊಡೆದಾಟ, ಆಯುಧದಂಥ ಸಂದರ್ಭದಲ್ಲಿ ಉಳಿದ ಮಕ್ಕಳ ಸುರಕ್ಷತೆಗಾಗಿ ಕೆಲವು ದಿನ ದೂರ ಇಡಲೇಬೇಕಾಗುತ್ತದೆ, ಅದನ್ನು ನಾವು ಒಪ್ಪುತ್ತೇವೆ. ಆದರೆ ಎದುರುತ್ತರಕ್ಕೂ ಸಮವಸ್ತ್ರಕ್ಕೂ ಅದೇ ಮದ್ದು ಕೊಡುವುದು ಇಡೀ ತರಗತಿಯ ಓದನ್ನು ಕೆಡಿಸುತ್ತದೆ.

ಮರಳಿ ಬರುವ ದಿನ ತರಗತಿಗೆ ಮೊದಲು ಇಪ್ಪತ್ತು ನಿಮಿಷದ ಭೇಟಿ ಇಡುತ್ತೇವೆ. ಮಗು, ಪೋಷಕರಲ್ಲಿ ಒಬ್ಬರು, ಕ್ಲಾಸ್ ಟೀಚರ್, ಇಷ್ಟೇ ಮಂದಿ. ಹೆಡ್‌ಮಾಸ್ಟರ್ ಬಂದು ಮತ್ತೆ ವಿಚಾರಣೆ ಶುರು ಮಾಡಿದರೆ ಭೇಟಿ ಕೆಟ್ಟಿತು ಎಂದೇ ಲೆಕ್ಕ. ಶಿಕ್ಷೆ ಮುಗಿದಿದೆ, ಇಲ್ಲಿ ಮಾತಾಡಬೇಕಾದ್ದು ಮುಂದಿನದು. ಯಾವ ಹಾಳೆ ಮುಗಿದಿದೆ, ಯಾವುದು ಅರ್ಥವಾಗಲಿಲ್ಲ, ತಪ್ಪಿದ ಟೆಸ್ಟ್ ಯಾವ ದಿನ ಬರೆಯುವುದು, ಜಗಳ ಮತ್ತೆ ಹತ್ತಿಕೊಳ್ಳುವ ಹಾಗಿದ್ದರೆ ಯಾರ ಹತ್ತಿರ ಹೋಗಿ ಹೇಳುವುದು. ಪೋಷಕರು ಬರಲಾಗದಿದ್ದರೆ ಫೋನಿನಲ್ಲಿ ಮಾತಾಡಿ ಮುಗಿಸಬೇಕೇ ಹೊರತು, ಅವರು ಬರುವವರೆಗೆ ಮಗುವನ್ನು ಗೇಟಿನ ಹೊರಗೆ ನಿಲ್ಲಿಸಬಾರದು. ಹಾಗೆ ನಿಲ್ಲಿಸಿದ ಪ್ರತಿ ದಿನವೂ ಆದೇಶದಲ್ಲಿ ಇಲ್ಲದ ಸಸ್ಪೆನ್ಷನ್ನೇ.

ತರಗತಿಯ ಮುಂದೆ ನಿಲ್ಲಿಸಿ ಕ್ಷಮೆ ಕೇಳಿಸುವುದು ಬೇಡ. ಕ್ಷಮೆ ಕೇಳಬೇಕಾದವರ ಹತ್ತಿರ ಬೇರೆಯಾಗಿ ಕೇಳಿಸಿದರೆ ಅದಕ್ಕೊಂದು ಬೆಲೆ ಇರುತ್ತದೆ. ಕೊನೆಯ ಬೆಂಚಿಗೆ ಕಳಿಸುವುದೂ ಬೇಡ. ತಪ್ಪಿದ ಪಾಠ ಹಿಡಿಯಬೇಕಾದ ಮಗು ಮುಂದೆ, ನೋಟ್ಸ್ ಚೆನ್ನಾಗಿ ಬರೆಯುವ ಒಬ್ಬರ ಪಕ್ಕ ಕೂರಬೇಕು. ಮೊದಲ ಪೀರಿಯಡ್‌ನಲ್ಲಿ ಟೀಚರ್ ಮಗುವಿನ ಹೆಸರು ಹಿಡಿದು ಸಾಧಾರಣವಾದ ಒಂದು ಪ್ರಶ್ನೆ ಕೇಳುವುದು, ಅದಕ್ಕೆ ಉತ್ತರ ಬಂದಾಗ ಎಲ್ಲರಿಗೂ ಹೇಳುವಂತೆ ‘ಸರಿ’ ಅನ್ನುವುದು, ಇದು ಸಣ್ಣ ಕೆಲಸ. ಇದರ ಫಲ ಸಣ್ಣದಲ್ಲ. ಜೇಸನ್ ಒಕೊನೊಫುವಾ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕ್ಯಾಲಿಫೋರ್ನಿಯಾದ ಐದು ಮಾಧ್ಯಮಿಕ ಶಾಲೆಗಳ 31 ಗಣಿತ ಶಿಕ್ಷಕರು ಭಾಗವಹಿಸಿದ್ದರು. ತಪ್ಪು ಮಾಡಿದ ಮಗುವನ್ನು ಅದರ ಜಾಗದಲ್ಲಿ ನಿಂತು ನೋಡುವುದು, ಸಂಬಂಧ ಕೆಡದ ಹಾಗೆ ಶಿಸ್ತು ಕಲಿಸುವುದು ಎಂಬ ಬಗ್ಗೆ ಅವರಲ್ಲಿ ಒಂದು ಗುಂಪಿಗೆ ಚಿಕ್ಕ ಆನ್‌ಲೈನ್ ಓದು ಕೊಟ್ಟರು. ಆ ಶಿಕ್ಷಕರ ವಿದ್ಯಾರ್ಥಿಗಳಲ್ಲಿ ಆ ವರ್ಷ ಸಸ್ಪೆಂಡ್ ಆದವರು ಶೇ 4.8, ಉಳಿದವರ ವಿದ್ಯಾರ್ಥಿಗಳಲ್ಲಿ ಶೇ 9.6.

ಮೊದಲ ಎರಡು ದಿನದೊಳಗೆ ಗಣಿತ, ವಿಜ್ಞಾನ ಮತ್ತು ಒಂದು ಭಾಷೆಯಲ್ಲಿ ಐದೈದು ಪ್ರಶ್ನೆಯ ಚಿಕ್ಕ ಪರೀಕ್ಷೆ ಮಾಡುತ್ತೇವೆ. ಇದಕ್ಕೆ ಅಂಕವಿಲ್ಲ, ಎಲ್ಲಿ ತುಂಡಾಗಿದೆ ಎಂದು ನೋಡಲು ಮಾತ್ರ. ಆಮೇಲೆ ವಾರಕ್ಕೆ ಎರಡು ಸಲ ಅರ್ಧರ್ಧ ಗಂಟೆ, ಮೂರು ವಾರ. ಒಟ್ಟು ಮೂರು ಗಂಟೆ. ಮುಂದಿನ ಪಾಠಕ್ಕೆ ಆಧಾರವಾದ ಅಂಶಗಳನ್ನೇ ಹಿಡಿದರೆ ಐದು ದಿನದ ಸಸ್ಪೆನ್ಷನ್‌ಗೆ ಇಷ್ಟು ಸಾಕಾಗುತ್ತದೆ. ಸಾಮಾನ್ಯವಾಗಿ ಈ ಸಮಯವನ್ನು ನೋಟ್ಸ್ ನಕಲು ಮಾಡುವುದರಲ್ಲಿ ಹಾಳು ಮಾಡುತ್ತಾರೆ. ಮೂವತ್ತು ಪೀರಿಯಡ್‌ನ ನೋಟ್ಸ್ ಕೈಯಲ್ಲಿ ಬರೆಯಲು ಒಂದು ವಾರದ ಸಂಜೆಗಳು ಹೋಗುತ್ತವೆ, ತಲೆಗೆ ಹತ್ತುವುದು ಅಷ್ಟರಲ್ಲೇ ಇದೆ. ನೋಟ್ಸನ್ನು ಜೆರಾಕ್ಸ್ ಮಾಡಿ ಅಂಟಿಸಿ, ತಲೆಬರಹ ಮತ್ತು ಸೂತ್ರಗಳನ್ನು ಮಾತ್ರ ಕೈಯಲ್ಲಿ ಬರೆಯಲು ಒಪ್ಪಿಗೆ ಪಡೆಯಿರಿ. ಪ್ರಯೋಗಾಲಯದ ಕೆಲಸ ತಪ್ಪಿದ್ದರೆ ಬೇರೆ ವಿಭಾಗದ ತರಗತಿಯೊಂದಿಗೆ ಅದೇ ಪ್ರಯೋಗಕ್ಕೆ ಕೂರಿಸಬಹುದೇ ಎಂದು ಕೇಳಬೇಕು. ಗುಂಪಿನ ಪ್ರಾಜೆಕ್ಟ್ ಇದ್ದರೆ ಗುಂಪು ಅವನನ್ನು ಬಿಟ್ಟು ಮುಂದೆ ಹೋಗಿರುತ್ತದೆ. ಬೇರೆಯಾಗಿ ಚಿಕ್ಕ ಪ್ರಾಜೆಕ್ಟ್ ಕೊಡುವುದೇ ಮೇಲು.

ತಪ್ಪಿದ ಟೆಸ್ಟಿನ ಸೊನ್ನೆಯ ಬಗ್ಗೆ ಮಾತ್ರ ಪಟ್ಟು ಬಿಡಬಾರದು. ನೂರಕ್ಕೆ ಎಪ್ಪತ್ತು ತೆಗೆಯುವ ಮಗು ನಾಲ್ಕು ಟೆಸ್ಟಿನಲ್ಲಿ ಮೂರನ್ನು ಬರೆದು ಒಂದಕ್ಕೆ ಸೊನ್ನೆ ಪಡೆದರೆ ಸರಾಸರಿ 52.5ಕ್ಕೆ ಬೀಳುತ್ತದೆ. ಅದನ್ನು ಮತ್ತೆ 65ಕ್ಕೆ ಏರಿಸಬೇಕಾದರೆ ಮುಂದಿನ ಆರು ಟೆಸ್ಟಿನಲ್ಲಿ ಸರಾಸರಿ 73ಕ್ಕಿಂತ ಹೆಚ್ಚು ಬರಬೇಕು, ಅಂದರೆ ಹಿಂದೆಂದೂ ತೆಗೆಯದಷ್ಟು. ಮಕ್ಕಳು ಈ ಲೆಕ್ಕವನ್ನು ಬಹಳ ಬೇಗ ಮಾಡುತ್ತಾರೆ, ಮಾಡಿ ಪುಸ್ತಕ ಮುಚ್ಚುತ್ತಾರೆ. ನಡತೆಗೆ ಶಿಕ್ಷೆ ಆಗಲೇ ಆಗಿದೆ, ಅದನ್ನು ಅಂಕಪಟ್ಟಿಯಲ್ಲಿ ಇನ್ನೊಮ್ಮೆ ವಸೂಲು ಮಾಡುವುದು ನ್ಯಾಯವಲ್ಲ. ಮರಳಿ ಬಂದ ಹತ್ತು ಶಾಲಾ ದಿನದೊಳಗೆ ಟೆಸ್ಟ್ ಬರೆಯಲು ಅವಕಾಶ ಕೇಳಿ. ಮೊದಲ ದಿನವೇ ಬರೆಯಿಸುವುದು ಕೂಡ ಸೊನ್ನೆಗೆ ಸಮ. ಅದಾಗದಿದ್ದರೆ ಆ ಟೆಸ್ಟನ್ನು ಲೆಕ್ಕದಿಂದಲೇ ಬಿಡಲು ಕೇಳಿ.

ಹಾಜರಾತಿಯನ್ನೂ ಜೊತೆಗೇ ಗಮನಿಸಬೇಕು. ಅಮೆರಿಕದಲ್ಲಿ ಯಾವ ಕಾರಣಕ್ಕೇ ಆಗಲಿ ವರ್ಷದ ಶೇ 10ರಷ್ಟು ದಿನ ತಪ್ಪಿದ ವಿದ್ಯಾರ್ಥಿಯನ್ನು ದೀರ್ಘಕಾಲಿಕ ಗೈರುಹಾಜರಿ ಉಳ್ಳವನೆಂದು ಎಣಿಸುತ್ತಾರೆ. 180 ದಿನಕ್ಕೆ ಅದು 18. ಐದು ದಿನದ ಮೂರು ಸಸ್ಪೆನ್ಷನ್ ಮತ್ತು ಮೂರು ದಿನದ ಜ್ವರ ಸೇರಿದರೆ ಅಲ್ಲಿಗೆ ತಲುಪಿದ ಹಾಗೆ. ಕನಿಷ್ಠ ಹಾಜರಾತಿ ಇದ್ದರಷ್ಟೇ ಪರೀಕ್ಷೆಗೆ ಕೂರಿಸುವ ಕಡೆಗಳಲ್ಲಿ, ಸಸ್ಪೆನ್ಷನ್ ದಿನಗಳನ್ನು ಗೈರುಹಾಜರಿಯಲ್ಲಿ ಸೇರಿಸುತ್ತಾರೋ ಇಲ್ಲವೋ ಎಂಬುದನ್ನು ಪರೀಕ್ಷೆಯ ಹೊತ್ತಿಗೆ ಕೇಳಿದರೆ ತಡವಾಯಿತು.

ಕಲಿಕೆಯ ತೊಂದರೆ ಅಥವಾ ಇನ್ನಾವುದೇ ಅಂಗವೈಕಲ್ಯ ಇರುವ ಮಕ್ಕಳ ವಿಷಯದಲ್ಲಿ ಅಮೆರಿಕದ ಕಾನೂನು ಇನ್ನೂ ಮುಂದೆ ಹೋಗಿದೆ. ಹತ್ತು ಶಾಲಾ ದಿನಕ್ಕಿಂತ ಹೆಚ್ಚು ಹೊರಗಿಟ್ಟು ಮಗುವಿನ ಶಿಕ್ಷಣದ ವ್ಯವಸ್ಥೆಯನ್ನೇ ಬದಲಿಸುವುದಾದರೆ, ಆ ನಡತೆಗೆ ತೊಂದರೆಯೇ ಕಾರಣವೇ ಎಂದು ಹತ್ತು ಶಾಲಾ ದಿನದೊಳಗೆ ಸಭೆ ಸೇರಿ ಪರಿಶೀಲಿಸಬೇಕು. ಈ ಪ್ರಶ್ನೆ ಕೇಳಲು ಕಾನೂನೇ ಬೇಕೆಂದಿಲ್ಲ. ಎರಡನೇ ಸಲ ಸಸ್ಪೆಂಡ್ ಆದ ಯಾವ ಮಗುವಿನ ವಿಷಯದಲ್ಲೂ ನಾವು ಅದನ್ನು ಕೇಳುತ್ತೇವೆ. ಹಿಂದಿನ ದೂರುಗಳನ್ನೆಲ್ಲ ಒಂದು ಹಾಳೆಯಲ್ಲಿ ಇಳಿಸುತ್ತೇವೆ: ದಿನಾಂಕ, ಎಷ್ಟನೇ ಪೀರಿಯಡ್, ಯಾವ ವಿಷಯ, ಘಟನೆಗೆ ಸರಿಯಾಗಿ ಮುಂಚೆ ಮಗುವಿಗೆ ಏನು ಮಾಡಲು ಹೇಳಿದ್ದರು, ಆಮೇಲೆ ಏನಾಯಿತು. ಆರೇಳು ಸಾಲು ತುಂಬಿದಾಗ ಚಿತ್ರ ಮೂಡುತ್ತದೆ. ‘ಎದ್ದು ನಿಂತು ಗಟ್ಟಿಯಾಗಿ ಓದು’ ಎಂದ ಮೇಲೆಯೇ ಪ್ರತಿ ಸಲ ಜಗಳ. ಓದಲು ಬಾರದ ಮಗು ನಲವತ್ತು ಜನರ ಮುಂದೆ ತೊದಲುವುದಕ್ಕಿಂತ ಪುಸ್ತಕ ಎಸೆದು ಹೊರಗೆ ಹೋಗುವುದನ್ನು ಆರಿಸಿಕೊಳ್ಳುತ್ತದೆ. ಹೊರಗೆ ಕಳಿಸಿದಾಗ ಅದಕ್ಕೆ ಬೇಕಾದ್ದೇ ಸಿಗುತ್ತದೆ, ಮುಂದಿನ ಸಲ ಇನ್ನೂ ಬೇಗ ಎಸೆಯುತ್ತದೆ. ಇಂಥ ಕಡೆ ಸಸ್ಪೆನ್ಷನ್ ತಪ್ಪನ್ನು ತಡೆಯುವ ಬದಲು ಬೆಳೆಸುತ್ತದೆ. ಮಗುವನ್ನು ಬೇರೆ ಕೂರಿಸಿ, ತನ್ನ ತರಗತಿಗಿಂತ ಎರಡು ತರಗತಿ ಕೆಳಗಿನ ಪುಸ್ತಕದ ಒಂದು ಪುಟ ಕೊಟ್ಟು ಒಂದು ನಿಮಿಷ ಓದಿಸಿ ನೋಡಿ. ಅಲ್ಲಿಯೇ ತಡವರಿಸಿದರೆ ಶಿಸ್ತಿನ ಮಾತು ಸದ್ಯಕ್ಕೆ ಬದಿಗಿಟ್ಟು ಓದು ಕಲಿಸಲು ಶುರು ಮಾಡಬೇಕು.

ಸಸ್ಪೆನ್ಷನ್ ನಿಲ್ಲಿಸಿದ ಮಾತ್ರಕ್ಕೆ ಓದು ಸುಧಾರಿಸುತ್ತದೆ ಎಂದೂ ತಿಳಿಯಬಾರದು. ಪಿಟ್ಸ್‌ಬರ್ಗ್ ನಗರದ 44 ಶಾಲೆಗಳಲ್ಲಿ 2015ರಿಂದ 2017ರವರೆಗೆ ಶಿಕ್ಷೆಯ ಬದಲು ಮಾತುಕತೆಯಿಂದ ಸಂಬಂಧ ಸರಿಪಡಿಸುವ ಕ್ರಮವನ್ನು ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಪರೀಕ್ಷಿಸಿತು. ಸಸ್ಪೆನ್ಷನ್ ದಿನಗಳು ಕಡಿಮೆಯಾದವು, ಶಾಲೆಯ ವಾತಾವರಣ ಸುಧಾರಿಸಿತೆಂದು ಶಿಕ್ಷಕರು ಹೇಳಿದರು. ಆದರೆ ಅಂಕಗಳು ಏರಲಿಲ್ಲ, 6ರಿಂದ 8ನೇ ತರಗತಿಯಲ್ಲಿ ಇಳಿದವು. ಮಗು ತರಗತಿಯೊಳಗೆ ಇರುವುದು ಬೇರೆ, ಕಲಿಯುವುದು ಬೇರೆ. ತರಗತಿಯಲ್ಲೇ ಉಳಿಸಿಕೊಂಡ ಮಗುವಿಗೆ ಪಾಠದ ನೆರವು, ಅದನ್ನು ಉಳಿಸಿಕೊಂಡ ಶಿಕ್ಷಕರಿಗೆ ಇನ್ನೊಬ್ಬರ ಕೈನೆರವು, ಎರಡೂ ಬೇಕು.

ಆರನೇ ವಾರದ ಕೊನೆಗೆ ಮೂರು ಸಂಗತಿ ತೆಗೆದು ನೋಡುತ್ತೇವೆ: ಮರಳಿ ಬಂದ ಮೇಲಿನ ಹಾಜರಾತಿ, ಕೊಟ್ಟ ಹೋಂವರ್ಕ್‌ನಲ್ಲಿ ಒಪ್ಪಿಸಿದ್ದು ಎಷ್ಟು, ಇತ್ತೀಚಿನ ಟೆಸ್ಟಿನ ಅಂಕ ಸಸ್ಪೆನ್ಷನ್‌ಗೆ ಮುಂಚಿನ ಟೆಸ್ಟಿಗೆ ಹೋಲಿಸಿದರೆ ಎಲ್ಲಿದೆ. ಅಂಕ ಸ್ವಲ್ಪ ಇಳಿದು ಹಾಜರಾತಿ, ಹೋಂವರ್ಕ್ ಸರಿಯಿದ್ದರೆ ಇನ್ನೂ ಮೂರು ವಾರ ಅದೇ ಅರ್ಧ ಗಂಟೆಯ ಪಾಠ ಮುಂದುವರಿಸುತ್ತೇವೆ. ಅಂಕ ಸರಿಯಿದ್ದು ಹಾಜರಾತಿ ಜಾರುತ್ತಿದ್ದರೆ ನಮಗೆ ಹೆಚ್ಚು ಚಿಂತೆ. ಆಗ ಯಾವ ದಿನ, ಯಾವ ಪೀರಿಯಡ್ ತಪ್ಪಿಸುತ್ತಿದೆ ಎಂದು ನೋಡಿ, ಆ ಪೀರಿಯಡ್‌ನ ಶಿಕ್ಷಕರನ್ನೂ ಮಗುವನ್ನೂ ಒಟ್ಟಿಗೆ ಕೂರಿಸಿ ಮಾತಾಡುತ್ತೇವೆ. ಕಡತಕ್ಕೆ ಸಸ್ಪೆನ್ಷನ್ ಪತ್ರದ ಪಕ್ಕದಲ್ಲೇ ಮಗು ಮುಗಿಸಿದ ಹಾಳೆಗಳ ಪಟ್ಟಿ, ಮರುಪರೀಕ್ಷೆಯ ಅಂಕ ಮತ್ತು ಈ ಆರು ವಾರದ ಹಾಜರಾತಿಯನ್ನೂ ಸೇರಿಸಿಡುತ್ತೇವೆ. ಮುಂದಿನ ವರ್ಷದ ಕ್ಲಾಸ್ ಟೀಚರ್ ಆ ಕಡತ ತೆರೆದಾಗ ಪತ್ರವೊಂದೇ ಕೈಗೆ ಸಿಗಬಾರದು.